ಜೀಟಾ ನೆಟ್ಟ ವರ್ವೈನ್ ಬೇಲಿ

ಅರೀಮಾ ಪಟ್ಟಣದಿಂದ ಗುಡ್ಡ ಹತ್ತುವ ರಸ್ತೆಯಲ್ಲಿ, ಐದನೇ ಮೈಲಿಗಲ್ಲಿನಿಂದ ಮೋರ್ನ್ ಕಾಜೂ ಊರಿನ ತನಕ, ಎರಡೂ ಬದಿಯ ಹುಲ್ಲು ಕತ್ತರಿಸುವ ಕೆಲಸ ಮೂವತ್ನಾಲ್ಕು ವರ್ಷ ಆನ್ಸಿಲ್ ಬಾಂಟೆರ್‌ನದಾಗಿತ್ತು. ಮೊದಲೆಲ್ಲ ಒಂದು ಕೈಯಲ್ಲಿ ಬಾಗಿದ ಮಚ್ಚು, ಇನ್ನೊಂದರಲ್ಲಿ ಕೊಕ್ಕೆಕೋಲು. ಕೊನೆಯ ಹನ್ನೆರಡು ವರ್ಷ ಹೆಗಲಿಗೆ ನೇತುಹಾಕಿಕೊಳ್ಳುವ ವೀಡ್ ಕಟರ್. ತಾನು ಕತ್ತರಿಸಿದ ಗಿಡಗಳಲ್ಲಿ ಅವನಿಗೆ ಹೆಸರು ಗೊತ್ತಿದ್ದವು ಕಡಿಮೆ. ಬೈದು ಬೈದೇ ಬಾಯಿಗೆ ಹತ್ತಿದ ಹೆಸರು ಒಂದೇ, ವರ್ವೈನ್. ಸೊಂಟದೆತ್ತರದ ಪೊದೆ, ಗರಗಸದ ಅಂಚಿನ ಎಲೆ, ಉತ್ತರಾಣಿ ಕಡ್ಡಿಯ ಹಾಗೆ ಉದ್ದಕ್ಕೆ ನಿಲ್ಲುವ ಹಸಿರು ಕದಿರು, ಆ ಕದಿರಿನಲ್ಲಿ ದಿನಕ್ಕೆ ನಾಲ್ಕೋ ಐದೋ ನೀಲಿ ಹೂ. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ನೆಲದ ಮೇಲಿರುತ್ತದೆ. ಮಳೆಗಾಲದಲ್ಲಿ ಇವತ್ತು ಸವರಿದರೆ ಮೂರನೇ ವಾರಕ್ಕೆ ಮತ್ತೆ ಚಿಗುರಿ ನಿಂತಿರುತ್ತದೆ.

"ಈ ಗಿಡಕ್ಕೆ ಮಾನ ಮರ್ಯಾದೆ ಅನ್ನೋದೇ ಇಲ್ಲ ಕಣೋ" ಎಂದು ಆನ್ಸಿಲ್ ಜೊತೆಗಾರ ಲಖನ್‌ಗೆ ಹೇಳುತ್ತಿದ್ದ.

"ನಿನ್ನ ಹೆಂಡ್ತಿ ಮುಂದೆ ಹೇಳು ಈ ಮಾತು. ರಾತ್ರಿಗೆ ಊಟ ಬಡಿಸ್ತಾಳಾ ನೋಡೋಣ" ಎಂದು ಲಖನ್ ನಗುತ್ತಿದ್ದ.

ಯಾಕೆಂದರೆ ಆನ್ಸಿಲ್‌ನ ಹೆಂಡತಿ ಜೀಟಾ ಇದೇ ಗಿಡವನ್ನು ಮನೆಯಲ್ಲಿ ಸಾಕಿದ್ದಳು. ಅಡುಗೆಮನೆಯ ಕಿಟಕಿಯಿಂದ ಹಿಡಿದು ಮಲಗುವ ಕೋಣೆಯ ಕಿಟಕಿಯವರೆಗೆ ಹನ್ನೆರಡು ಹೆಜ್ಜೆ ಉದ್ದದ ಬೇಲಿ. ಊರಿನ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಹಾಕುವ ಕೆಲಸ ಅವಳದು. ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮುಂಚೆ ಬೇಲಿಯ ಹತ್ತಿರ ಹೋಗುತ್ತಿದ್ದಳು. ಒಣಗಿದ ಕದಿರು ಚಿವುಟುವುದು, ಎಲೆಯ ಹಿಂಬದಿ ತಿರುಗಿಸಿ ನುಸಿ ಕೂತಿದೆಯೇ ಎಂದು ನೋಡುವುದು, ಕೂತಿದ್ದರೆ ಸಾಬೂನು ನೀರು ಸಿಂಪಡಿಸುವುದು. ಈ ಗಿಡ ಬಹಳ ವರ್ಷ ಬಾಳುವುದಿಲ್ಲ. ಮೂರು ನಾಲ್ಕು ವರ್ಷಕ್ಕೆ ಬುಡ ಕಟ್ಟಿಗೆಯಾಗಿ ಮೇಲೆ ಬೋಳಾಗುತ್ತದೆ. ಅದಕ್ಕೇ ಅವಳು ಪ್ರತಿ ಮಳೆಗಾಲ ಎಳೆಯ ಕಡ್ಡಿ ಮುರಿದು ನೆಟ್ಟು, ಹಳೆಯದನ್ನು ಕಿತ್ತು, ಬೇಲಿಯನ್ನು ಒಂದೇ ಸಮ ಹಸಿರಾಗಿ ಇಟ್ಟಿದ್ದಳು. ಬೆಳಗಿನ ಹೊತ್ತು ಗುಂಯ್‌ಹಕ್ಕಿಗಳು ಬರುತ್ತಿದ್ದವು. ಗಾಳಿಯಲ್ಲೇ ನಿಂತು ಹೂವಿಗೆ ಕೊಕ್ಕು ಚುಚ್ಚುವ, ಹೆಬ್ಬೆರಳಿನಷ್ಟು ಹಕ್ಕಿಗಳು. ದೊಡ್ಡವು ಒಂದನ್ನೊಂದು ಓಡಿಸುತ್ತಿದ್ದವು. ಅವುಗಳ ಜಗಳದ ನಡುವೆ, ದುಂಬಿ ಎಂದೇ ತಿಳಿಯಬೇಕು, ಅಷ್ಟು ಚಿಕ್ಕದಾದ ಒಂದು ಕೆಂಪು ಜುಟ್ಟಿನ ಹಕ್ಕಿ ಮೆಲ್ಲಗೆ ನುಸುಳಿ ಹೂವಿನಿಂದ ಹೂವಿಗೆ ಹೋಗುತ್ತಿತ್ತು. ಅದು ಬಂದರೆ ಜೀಟಾ ಒಲೆಯ ಮೇಲಿನದು ಸೀದರೂ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಆನ್ಸಿಲ್ ಅದನ್ನೆಲ್ಲ ನೋಡಿದವನಲ್ಲ. ಹಾಗೆಂದು ಅವರಿಬ್ಬರ ನಡುವೆ ಜಗಳವೇನೂ ಇರಲಿಲ್ಲ, ಮಾತು ಕಡಿಮೆ ಅಷ್ಟೆ. ಊಟ ಹೇಗಿದೆ, ನಲ್ಲಿ ಬಂತೇ, ಭಾನುವಾರ ಚರ್ಚಿನ ಪೂಜೆಗೆ ಯಾವ ಅಂಗಿ, ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಮೂವತ್ತೊಂದು ವರ್ಷದ ಹಿಂದೆ ಹುಟ್ಟಿದ ಹೆಣ್ಣುಮಗು ಒಂಬತ್ತು ದಿನ ಬದುಕಿ ಹೋಗಿತ್ತು. ಆಮೇಲೆ ಮಕ್ಕಳಾಗಲಿಲ್ಲ. ಆ ಮಗುವಿನ ಮಾತು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಆನ್ಸಿಲ್ ಕೆಲಸದಿಂದ ನಿವೃತ್ತನಾದ ಎರಡನೇ ವರ್ಷ, ಜನವರಿಯಲ್ಲಿ, ಜೀಟಾ ಶಾಲೆಯ ಅಡುಗೆಮನೆಯಲ್ಲೇ ಕುಸಿದು ಬಿದ್ದಳು. ಲಕ್ವ. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಒಂದೇ ಒಂದು ಮಾತು ಉಳಿಯಿತು, "ಬೇಡ". ನೀರು ಬೇಕಾದರೂ "ಬೇಡ", ನೋವಾದರೂ "ಬೇಡ", ಅಕ್ಕ ಕ್ಲೋಟಿಲ್ಡ್ ಬಂದು ಕೆನ್ನೆ ಸವರಿದಾಗ ಕಣ್ಣಲ್ಲಿ ನೀರು ತುಂಬಿಕೊಂಡೂ "ಬೇಡ, ಬೇಡ". ಯಾವ "ಬೇಡ"ಕ್ಕೆ ಯಾವ ಅರ್ಥ ಎಂದು ಆನ್ಸಿಲ್ ಮೆಲ್ಲಮೆಲ್ಲಗೆ ಕಲಿತ. ಕಳಲೂ ಸೊಪ್ಪಿನ ಸಾರು ಕಿವುಚಿ ಚಮಚದಲ್ಲಿ ಕುಡಿಸಲು ಕಲಿತ. ಮಗ್ಗುಲು ಬದಲಿಸಲು, ಬೆನ್ನು ಒರೆಸಲು, ತಲೆ ಬಾಚಲು ಕಲಿತ.

ಆ ವರ್ಷ ಬೇಸಿಗೆ ಬೇಗ ಹಿಡಿಯಿತು. ಬೇಲಿಯ ಕಡೆ ನೋಡುವವರಿಲ್ಲದೆ ಅದು ಕಿಟಕಿಯ ಮೇಲೆ ಬೆಳೆದು, ಒಣ ಕದಿರುಗಳೆಲ್ಲ ಜೋತುಬಿದ್ದು, ಒಳಗೆ ಕತ್ತಲೆ ಮಾಡಿತ್ತು. ಆರೋಗ್ಯ ಕೇಂದ್ರದಿಂದ ಬಂದ ನರ್ಸ್, "ಇವ್ರಿಗೆ ಗಾಳಿ ಬೆಳಕು ಚೆನ್ನಾಗಿ ಬರೋ ಹಾಗೆ ನೋಡ್ಕೊಳಿ" ಎಂದು ಹೇಳಿ ಹೋದಳು. ಮಾರ್ಚ್ ಮೊದಲ ವಾರ ಕ್ಲೋಟಿಲ್ಡ್ ತಂಗಿಯನ್ನು ಗಾಡಿ ಮಾಡಿಸಿಕೊಂಡು ಕೈಕಾಲು ಆಡಿಸುವ ವ್ಯಾಯಾಮಕ್ಕೆ ಪಟ್ಟಣಕ್ಕೆ ಕರೆದೊಯ್ದಿದ್ದಳು. ಆನ್ಸಿಲ್ ಒಬ್ಬನೇ ಇದ್ದ. ಎಷ್ಟೋ ದಿನದ ಮೇಲೆ ಅವನಿಗೆ ಗೊತ್ತಿದ್ದ ಕೆಲಸವೊಂದು ಸಿಕ್ಕಿತು. ವೀಡ್ ಕಟರ್ ಹೆಗಲಿಗೇರಿಸಿ ಅರ್ಧ ಗಂಟೆಯಲ್ಲಿ ಹನ್ನೆರಡು ಹೆಜ್ಜೆ ಬೇಲಿಯನ್ನು ನೆಲಸಮ ಮಾಡಿದ. ರಸ್ತೆಯಲ್ಲಿ ಮಾಡಿ ರೂಢಿ. ಹಳೆಯ ಡಬ್ಬದಲ್ಲಿ ಉಳಿದಿದ್ದ ಕಳೆನಾಶಕವನ್ನು ಬುಡ ಬುಡಕ್ಕೂ ಹುಯ್ದ. ಆಮೇಲೆ ಕಿಟಕಿಯ ಗಾಜು ಒರೆಸಿದ. ಕೋಣೆಯ ತುಂಬ ಬೆಳಕು ಬಂತು. ಅವನಿಗೆ ಸಂತೋಷವೇ ಆಯಿತು.

ಮಧ್ಯಾಹ್ನ ಅಕ್ಕತಂಗಿ ಬಂದರು. ಅವನು ಜೀಟಾಳನ್ನು ಎತ್ತಿ ತಂದು ಮಂಚದ ಮೇಲೆ ದಿಂಬಿಗೆ ಒರಗಿಸಿದ. "ನೋಡು, ಎಷ್ಟು ಬೆಳಕಾಗಿದೆ ನೋಡು" ಎಂದ.

ಜೀಟಾ ಕಿಟಕಿಯಾಚೆ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳು "ಬೇಡ" ಎನ್ನಲಿಲ್ಲ. ಎಡಗೈಯಿಂದ ಮಂಚದ ಪಟ್ಟಿ ಹಿಡಿದು, ಆಗದ ಮೈಯನ್ನು ಎಳೆದು ಎಳೆದು ಗೋಡೆಯ ಕಡೆ ಮುಖ ಮಾಡಿದಳು.

ಕ್ಲೋಟಿಲ್ಡ್ ಅವನನ್ನು ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಬಂದಳು.

"ಏನೋ ಮಾಡಿದೆ ನೀನು?"

"ಬೆಳಕು ಬರ್ಲಿ ಅಂತ... ನರ್ಸ್ ಹೇಳಿದ್ಲು..."

"ಬೆಳಕಂತೆ ಬೆಳಕು! ಕೈಗೆ ಮಚ್ಚು ಸಿಕ್ಕಿದ್ರೆ ಸಾಕು ನಿಂಗೆ. ಆ ಗಿಡ ಎಲ್ಲಿಂದ ಬಂತು ಅಂತ ಒಂದ್ ದಿನಾನಾದ್ರೂ ಕೇಳಿದ್ಯಾ ಅವಳನ್ನ?"

"ರಸ್ತೆ ಬದಿ ಗಿಡ ಕ್ಲೋ. ಇನ್ನೆಲ್ಲಿಂದ ಬರತ್ತೆ?"

ಕ್ಲೋಟಿಲ್ಡ್ ಕುರ್ಚಿ ಎಳೆದು ಕೂತಳು. ಅವಳ ದನಿ ಇಳಿಯಿತು. "ಮಗು ಹುಟ್ಟಿದಾಗ ಇವಳಿಗೆ ಹಾಲೇ ಬರ್ಲಿಲ್ಲ. ಸೂಲಗಿತ್ತಿ ಉರ್ಸುಲಮ್ಮ ಒಂದು ಕಟ್ಟು ವರ್ವೈನ್ ತಂದುಕೊಟ್ಲು. ಕುದಿಸಿ ಕುಡಿ, ಹಾಲು ಬರತ್ತೆ ಅಂತ. ಅರ್ಧ ಕಟ್ಟು ಕುಡಿಸಿದ್ವಿ. ಮಿಕ್ಕಿದ್ದನ್ನ ಒಂದು ಡಬ್ಬದ ನೀರಲ್ಲಿ ಇಟ್ಟಿದ್ವಿ. ಒಂಬತ್ತನೇ ದಿನ ಮಗು ಹೋಯ್ತು. ಮಣ್ಣು ಮಾಡಿ ಬಂದ ಮಾರನೇ ದಿನ ಹಾಲು ಬಂತು ಕಣೋ. ಹಾಕಿದ ಬಟ್ಟೆಯೆಲ್ಲ ತೊಪ್ಪೆ. ನಾನು ಬಿಗಿಯಾಗಿ ಬಟ್ಟೆ ಕಟ್ತಾ ಇದ್ದೆ, ಅವಳು ಅಳ್ತಾ ಇದ್ಲು. ನೀನು ಮಚ್ಚು ತಗೊಂಡು ಕೆಲಸಕ್ಕೆ ಹೋಗಿದ್ದೆ."

ಆನ್ಸಿಲ್ ನಿಂತೇ ಇದ್ದ.

"ಡಬ್ಬದಲ್ಲಿದ್ದ ಕಡ್ಡಿ ಬೇರು ಬಿಟ್ಟಿತ್ತು. ಎಸೀತೀನಿ ಅಂದೆ. ಎಸೀಬೇಡ ಅಂದ್ಲು. ತಗೊಂಡ್ ಹೋಗಿ ಕಿಟಕಿ ಹತ್ರ ನೆಟ್ಲು. ಅದೇ ಗಿಡದ ಕಡ್ಡಿ, ಅದರ ಕಡ್ಡಿ, ಅದರ ಕಡ್ಡಿ. ಮೂವತ್ತೊಂದು ವರ್ಷ."

"ನಂಗೆ ಯಾರೂ ಹೇಳ್ಲಿಲ್ಲ" ಎಂದ ಆನ್ಸಿಲ್.

"ನೀನು ಕೇಳ್ಲಿಲ್ಲ."

ಮಣ್ಣು ಮಾಡಿದ ಮಾರನೆಯ ಆ ದಿನ ಅವನಿಗೂ ನೆನಪಿತ್ತು. ಮೈಲಿಗಲ್ಲಿನಿಂದ ಸೇತುವೆಯ ತನಕ ಅವನು ನೀರು ಕುಡಿಯದೆ, ತಲೆಯೆತ್ತದೆ ಕತ್ತರಿಸುತ್ತ ಹೋಗಿದ್ದ. ಅಂಗೈ ಕಿತ್ತು ಮಚ್ಚಿನ ಹಿಡಿಯೆಲ್ಲ ರಕ್ತವಾದ ಮೇಲೆ ಲಖನ್ ಬಂದು ಅದನ್ನು ಕಸಿದುಕೊಂಡಿದ್ದ. ಅದನ್ನು ಅವನೂ ಮನೆಯಲ್ಲಿ ಹೇಳಿರಲಿಲ್ಲ. ಈಗ ಕ್ಲೋಟಿಲ್ಡ್‌ಗೂ ಹೇಳಲಿಲ್ಲ.

ಬುಡದಲ್ಲಿ ಏನಾದರೂ ಉಳಿದಿದ್ದೀತೆಂದು ಅವನು ದಿನಾ ಕೆದಕಿ ನೋಡಿದ. ವಿಷ ತನ್ನ ಕೆಲಸ ಮಾಡಿತ್ತು. ಒಂದು ವಾರಕ್ಕೆ ಬೇರು ಕಪ್ಪಾಗಿ, ಮುಟ್ಟಿದರೆ ಸಿಪ್ಪೆ ಜಾರುತ್ತಿತ್ತು. ಜೀಟಾ ಯಾರಿಗಾದರೂ ಕಡ್ಡಿ ಕೊಟ್ಟಿದ್ದಳೇ ಎಂದು ಊರೆಲ್ಲ ಕೇಳಿದ. ಕೊಟ್ಟಿದ್ದಳು. ಯಾರೂ ಉಳಿಸಿಕೊಂಡಿರಲಿಲ್ಲ. ಪಟ್ಟಣದ ನರ್ಸರಿಯಲ್ಲಿ ಗುಲಾಬಿ ಬಣ್ಣದ ಹೂ ಬಿಡುವ ಜಾತಿ ಇತ್ತು. ಮಾರುವವನು ಇದೇ ಚಂದ, ಇದಕ್ಕೂ ಹಕ್ಕಿ ಬರತ್ತೆ ಎಂದ. ಆನ್ಸಿಲ್ ಸುಮ್ಮನೆ ತಿರುಗಿ ಬಂದ.

ಕೊನೆಗೆ ಲಖನ್‌ನನ್ನು ಕರೆದುಕೊಂಡು ರಸ್ತೆಗೆ ಇಳಿದ. ಮಳೆಗಾಲದಲ್ಲಾಗಿದ್ದರೆ ಎಡವಿದಲ್ಲೆಲ್ಲ ಸಿಗುವ ಗಿಡ. ಆದರೆ ಆ ಮಾರ್ಚ್‌ನಲ್ಲಿ ರಸ್ತೆಯ ಬದಿ ಸುಟ್ಟು ಕರಕಲಾಗಿತ್ತು. ಯಾರೋ ಎಸೆದ ಸಿಗರೇಟಿನ ಬೆಂಕಿ ಗುಡ್ಡಕ್ಕೆ ಹಿಡಿದು ಮೂರು ದಿನ ಉರಿದಿತ್ತು. ಬೆಂಕಿ ಬಿಟ್ಟ ಕಡೆ ಗುತ್ತಿಗೆಯವರು ಆಗಲೇ ಸವರಿಹಾಕಿದ್ದರು.

"ಮೂವತ್ನಾಲ್ಕು ವರ್ಷ ಕೊಂದೆ. ಈಗ ಹುಡುಕ್ಕೊಂಡು ಹೊರಟಿದ್ದೀಯಲ್ಲೋ ಮಾರಾಯ" ಎಂದ ಲಖನ್. ಆನ್ಸಿಲ್ ಮುಖ ನೋಡಿದ ಮೇಲೆ ಅವನು ಮತ್ತೆ ತಮಾಷೆ ಮಾಡಲಿಲ್ಲ.

ಎರಡನೇ ದಿನ, ಪಾಳುಬಿದ್ದ ಕೋಕೋ ತೋಟದ ಕೆಳಗೆ, ಪೈಪ್ ಸೋರಿ ನೆಲ ಒದ್ದೆಯಾಗಿದ್ದ ಕಡೆ ನಾಲ್ಕು ಗಿಡ ಸಿಕ್ಕವು. ನೀಲಿ ಹೂವಿನವೇ. ಜೀಟಾಳ ಬೇಲಿಯ ಸಂತಾನವಲ್ಲ. ಆದರೆ ಸೂಲಗಿತ್ತಿ ಕಟ್ಟು ತಂದದ್ದೂ ಇದೇ ಗುಡ್ಡದಿಂದಲೇ ಅಲ್ಲವೇ ಎಂದು ಆನ್ಸಿಲ್ ತನಗೆ ತಾನೇ ಹೇಳಿಕೊಂಡ. ಚಾಕುವಿನಿಂದ ಹನ್ನೊಂದು ಕಡ್ಡಿ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡ. ಗಿಡಕ್ಕೆ ನೋವಾಗದ ಹಾಗೆ ಕೊಯ್ಯುವುದು ಅವನಿಗೆ ಹೊಸದು.

ವಿಷದ ಮಣ್ಣನ್ನು ಮೊಳಕಾಲುದ್ದ ತೋಡಿ ತೆಗೆದ. ಕೋಕೋ ಮರದಡಿಯ ಕಪ್ಪು ಮಣ್ಣನ್ನು ಚೀಲದಲ್ಲಿ ಹೊತ್ತು ತಂದು ತುಂಬಿದ. ಕಡ್ಡಿ ನೆಟ್ಟು ಬಾಳೆಎಲೆಯ ನೆರಳು ಕಟ್ಟಿದ. ನಲ್ಲಿ ವಾರಕ್ಕೆ ಎರಡು ದಿನ ಬರುತ್ತಿತ್ತು. ಮಿಕ್ಕ ದಿನ ಕೆಳಗಿನ ಬೀದಿಯ ಕೊಳಾಯಿಯಿಂದ ಬೆಳಿಗ್ಗೆ ಎರಡು ಬಕೆಟ್, ಸಂಜೆ ಎರಡು ಬಕೆಟ್. ಐದನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಆರು ಕಡ್ಡಿಯ ಮೇಲೆ ಒಂದು ಎಲೆಯೂ ಇಲ್ಲ. ಬಾಚಾಕ್ ಇರುವೆಗಳ ಸಾಲು ಹಸಿರು ಚೂರುಗಳನ್ನು ಕೊಡೆಯ ಹಾಗೆ ತಲೆಯ ಮೇಲೆ ಹೊತ್ತು ಅಂಗಳ ದಾಟುತ್ತಿತ್ತು. ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಆಮೇಲೆ ಎದ್ದು, ಉಳಿದ ಐದನ್ನು ಹಾಲಿನ ಡಬ್ಬಗಳಿಗೆ ಬದಲಿಸಿ, ಡಬ್ಬಗಳನ್ನು ನೀರು ತುಂಬಿದ ಬೋಗುಣಿಯಲ್ಲಿ ಕಲ್ಲಿನ ಮೇಲೆ ನಿಲ್ಲಿಸಿದ. ಇರುವೆ ನೀರು ದಾಟಲಿಲ್ಲ.

ಜೀಟಾ ಗೋಡೆಯ ಕಡೆಯೇ ಮಲಗಿರುತ್ತಿದ್ದಳು. ಊಟಕ್ಕೆ ಬಾಯಿ ತೆರೆಯುವಳು, ಕಣ್ಣು ತೆರೆಯುವವಳಲ್ಲ. ಅವನು ದಿನಾ ರಾತ್ರಿ ಮಗ್ಗುಲು ಬದಲಿಸುವಾಗ ಒಂದು ವಿಷಯ ಹೇಳುತ್ತಿದ್ದ. "ಐದೂ ಚಿಗುರಿವೆ." "ಎಲೆ ಹಿಂದೆ ನುಸಿ ಇತ್ತು, ತೊಳೆದೆ." ಉತ್ತರವಿಲ್ಲ. ಒಂದು ದಿನ ಹೇಳಿದ, "ಅವತ್ತು ಕೆಲಸಕ್ಕೆ ಹೋಗ್ಬಾರದಿತ್ತು ನಾನು." ಮಾರನೇ ಬೆಳಿಗ್ಗೆ ಅವಳು ಅಂಗಾತ ಮಲಗಿದ್ದಳು, ಮುಖ ಚಾವಣಿಯ ಕಡೆಗೆ.

ಏಪ್ರಿಲ್ ಕೊನೆಗೆ ಗುಡ್ಡದ ಪೂಯಿ ಮರಗಳು ಎಲೆ ಉದುರಿಸಿ ಹಳದಿ ಹೂ ಹೊತ್ತು ನಿಂತಾಗ ಅವನು ಐದು ಗಿಡಗಳನ್ನು ಕಿಟಕಿಯ ಕೆಳಗೆ ನೆಲಕ್ಕೆ ಇಳಿಸಿದ. ಒಂದು ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಬಕೆಟ್ ಎತ್ತಿ ನೀರು ಹುಯ್ಯಲು ಬಾಗಿದ.

"ಬೇಡ."

ಅವನು ಬಕೆಟ್ ಹಿಡಿದುಕೊಂಡೇ ನಿಂತ. ಏಳು ವಾರದ ಮೇಲೆ ಕೇಳಿದ ದನಿ. ಕಿಟಕಿಯೊಳಗೆ ಜೀಟಾ ದಿಂಬಿನ ಮೇಲೆ ತಲೆ ಹೊರಳಿಸಿ ಅವನನ್ನೇ ನೋಡುತ್ತಿದ್ದಳು.

"ಬಿಸಿಲಲ್ಲಿ ಬೇಡ್ವಾ? ಸಂಜೆ ಹುಯ್ಲಾ?"

"ಬೇಡ" ಎಂದಳು. ಅದು ಹೌದು ಎಂಬ "ಬೇಡ". ಆಮೇಲೆ ಎಡಗೈ ಎತ್ತಿ ಎರಡು ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಚಿವುಟಿದಳು. ಅವನಿಗೆ ಹೊಳೆಯಲಿಲ್ಲ. ಮತ್ತೆ ಚಿವುಟಿದಳು. ಅವನು ಒಂದೊಂದೇ ಗಿಡ ಮುಟ್ಟಿ ತೋರಿಸಿದ. ಮೂರನೆಯದು ಗೇಣುದ್ದ ಇದ್ದಾಗಲೇ ಅವಸರಪಟ್ಟು ಒಂದು ಕದಿರು ಬಿಟ್ಟಿತ್ತು. ಅದನ್ನು ಮುಟ್ಟಿದಾಗ ಅವಳ ಕೈ ನಿಂತಿತು.

"ಇದನ್ನ ಕೀಳ್ಬೇಕಾ? ಹೂ ಬಿಡೋದನ್ನೇ ಕಿತ್ರೆ ಹೇಗೆ ಜೀಟಾ?"

"ಬೇಡ ಬೇಡ ಬೇಡ!" ಅವಳಿಗೆ ಸಿಟ್ಟು ಬಂದಿತ್ತು. ಅವನು ಕದಿರು ಚಿವುಟಿದ. ಹದಿನೈದು ದಿನದಲ್ಲಿ ಆ ಗಿಡ ಪಕ್ಕದಿಂದ ಆರು ಕವಲೊಡೆದಾಗ ಅವನಿಗೆ ಅರ್ಥವಾಯಿತು.

ಅಲ್ಲಿಂದ ಮೂರು ವಾರ ಅವಳು ಮಂಚದ ಮೇಲಿನಿಂದಲೇ ಅವನಿಗೆ ಯಜಮಾನಿಕೆ ಮಾಡಿದಳು. ಗಿಡಕ್ಕೆ ಕೈ ಹಾಕಿದರೆ "ಬೇಡ", ಹಾಕದಿದ್ದರೆ "ಬೇಡ". ಕ್ಲೋಟಿಲ್ಡ್ ಬಂದವಳು ಬಾಗಿಲಲ್ಲೇ ನಿಂತು ನೋಡಿ, "ಮದುವೆಯಾಗಿ ಇಷ್ಟ್ ವರ್ಷದಲ್ಲಿ ನೀವಿಬ್ರೂ ಇಷ್ಟು ಮಾತಾಡಿದ್ದು ನಾನು ನೋಡಿಲ್ಲ" ಎಂದಳು. ಆದರೆ ಜೀಟಾ ಸೊರಗುತ್ತಿದ್ದಳು. ಗಂಟಲಲ್ಲಿ ಊಟ ಇಳಿಯುತ್ತಿರಲಿಲ್ಲ. ಎತ್ತಿ ಕೂರಿಸುವಾಗ ಅವಳ ಭಾರ ದಿನೇ ದಿನೇ ಕಡಿಮೆಯಾಗುವುದು ಆನ್ಸಿಲ್‌ನ ತೋಳಿಗೆ ಗೊತ್ತಾಗುತ್ತಿತ್ತು.

ಮೇ ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಅವಳಿಗೆ ಎರಡು ಚಮಚ ಕೋಕೋ ಚಹಾ ಕುಡಿಸಿ, ಕಿಟಕಿಯ ಕಡೆ ಒರಗಿಸಿ, ಅವನು ಕೊಳಾಯಿಗೆ ಹೋದ. ಅಲ್ಲಿ ಸರದಿ ಉದ್ದವಿತ್ತು. ಎರಡು ಬಕೆಟ್ ಹೊತ್ತು ಮರಳಿ ಬಂದಾಗ ಅವಳು ಹಾಗೇ ಕಿಟಕಿಯ ಕಡೆ ಮುಖ ಮಾಡಿ ಒರಗಿದ್ದಳು. ಕಣ್ಣು ಅರೆ ತೆರೆದಿತ್ತು. ಅವನು ನೇರ ಗಿಡದ ಹತ್ತಿರ ಹೋದ. ನೀರು ಹುಯ್ಯುತ್ತ ಮಾತಾಡಿದ. "ಇವತ್ತು ಮೋಡ ಆಗಿದೆ. ಲಖನ್ ಮೊಣಕಾಲು ನೋವು ಅಂತಿದ್ದ, ಅವನ ಮೊಣಕಾಲು ನೋವಾದ್ರೆ ಮಳೆ ಬರೋದೇ. ಈ ನಾಲ್ಕನೇದು ಸ್ವಲ್ಪ ಬಾಗಿದೆ, ಕೋಲು ಕೊಡ್ಲಾ?" ಅವಳು "ಬೇಡ" ಎನ್ನಲಿಲ್ಲವೆಂದು ಕೋಲು ಹುಡುಕಿ ತಂದು, ಹುರಿಯಿಂದ ಗಿಡವನ್ನು ಕಟ್ಟಿದ. ಬೊಗಸೆಯಲ್ಲಿ ಉಳಿದ ನೀರನ್ನು ಎಲೆಗೆ ಚಿಮುಕಿಸಿದ. ಐದೂ ಗಿಡ ಮುಗಿಸಿ, ಕೈ ಒರೆಸಿಕೊಂಡು, ಕಿಟಕಿಯೊಳಗೆ ತಲೆ ಹಾಕಿದ ಮೇಲೆ ಅವನಿಗೆ ತಿಳಿಯಿತು.

ಎಷ್ಟು ಹೊತ್ತಿಗೆ ಹೋದಳೋ ಡಾಕ್ಟರಿಗೂ ಹೇಳಲಾಗಲಿಲ್ಲ. ತಾನು ಮಾತಾಡಿದ್ದರಲ್ಲಿ ಒಂದಾದರೂ ಅವಳ ಕಿವಿಗೆ ಬಿತ್ತೇ ಎಂದು ಆನ್ಸಿಲ್ ಮೂರು ನಾಲ್ಕು ಜನರನ್ನು ಕೇಳಿದ. "ಬಿದ್ದಿರತ್ತೆ ಬಿಡೋ" ಎಂದರು ಎಲ್ಲರೂ. ಹಾಗೆ ಹೇಳುವುದು ಬಿಟ್ಟು ಅವರಾದರೂ ಇನ್ನೇನು ಹೇಳಿಯಾರು? ಸತ್ತವರ ಮನೆಯಲ್ಲಿ ರಾತ್ರಿಯೆಲ್ಲ ಎಚ್ಚರವಿರುವ ವಾಡಿಕೆಯಂತೆ ಜಾಗರಣೆಗೆ ಊರು ನೆರೆಯಿತು. ಕಾಫಿ, ಬಿಸ್ಕತ್ತು, ಅಂಗಳದಲ್ಲಿ ಇಸ್ಪೀಟು, ಒಳಗೆ ಪ್ರಾರ್ಥನೆಯ ಹಾಡು. ಬಂದವರು ಕಾಲಿನಲ್ಲಿ ತುಳಿಯಬಾರದೆಂದು ಲಖನ್ ಯಾರೂ ಹೇಳದೆಯೇ ಕುರ್ಚಿ ಹಾಕಿಕೊಂಡು ಗಿಡಗಳ ಮುಂದೆ ಕೂತಿದ್ದ. ಶನಿವಾರ ಮಣ್ಣು ಮಾಡಿದರು. ಸೋಮವಾರ ಮಳೆ ಹಿಡಿಯಿತು.

ಮಳೆ ಬಿದ್ದ ಮೇಲೆ ಆ ಗಿಡಗಳಿಗೆ ಯಾರ ಆರೈಕೆಯೂ ಬೇಕಿರಲಿಲ್ಲ. ಜುಲೈಗೆ ಸೊಂಟದೆತ್ತರವಾದವು. ಆಗಸ್ಟ್‌ನಲ್ಲಿ ಕಿಟಕಿಯ ಕೆಳಗೆಲ್ಲ ನೀಲಿ. ದೊಡ್ಡ ಗುಂಯ್‌ಹಕ್ಕಿಗಳು ಬಂದವು, ಜಗಳವಾಡಿದವು. ಆನ್ಸಿಲ್ ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ಕಿಟಕಿಯಲ್ಲಿ ಕೂತು ಒಂಬತ್ತರವರೆಗೆ ನೋಡುತ್ತಿದ್ದ. ಚಹಾ ಆರಿಹೋಗುತ್ತಿತ್ತು. ದುಂಬಿ ಬಂದರೆ ಕ್ಲೋಟಿಲ್ಡ್ ಹೇಳಿದ್ದ ಕೆಂಪು ಜುಟ್ಟಿನ ಚಿಕ್ಕ ಹಕ್ಕಿಯೇನೋ ಎಂದು ಎದ್ದು ನಿಲ್ಲುತ್ತಿದ್ದ, ದುಂಬಿಯೇ ಎಂದು ತಿಳಿದ ಮೇಲೆ ಕೂರುತ್ತಿದ್ದ. ಜೀಟಾಳ ಬಟ್ಟೆಗಳನ್ನು ಯಾರಿಗಾದರೂ ಕೊಡು ಎಂದರೆ ಕೇಳಿಸದವನಂತಿರುತ್ತಿದ್ದ. ಮಂಚವನ್ನೂ ಅಲ್ಲಿಂದ ಕದಲಿಸಲಿಲ್ಲ.

ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ ಕ್ಲೋಟಿಲ್ಡ್ ಬಂದಳು. ಮಳೆ ಹೊಯ್ಯುತ್ತಿತ್ತು. ಕೊಡೆ ಮಡಿಸಿ ಮೂಲೆಗಿಟ್ಟು ಕಿಟಕಿಯ ಹೊರಗೆ ನೋಡಿದಳು. ಅವತ್ತಿನ ಹೂವೆಲ್ಲ ಉದುರಿ ಕೆಸರಿನಲ್ಲಿತ್ತು.

"ಆ ಚಿಕ್ಕದು ಬಂತಾ?" ಎಂದಳು.

"ಇಲ್ಲ."

"ಬರತ್ತೆ ಬಿಡು."

"ಬರಬಹುದು" ಎಂದ ಆನ್ಸಿಲ್. ಪಾತ್ರೆಯ ಮುಚ್ಚಳ ತೆಗೆದು, "ದಶೀನ್ ಗೆಡ್ಡೆ ಬೇಯಿಸಿದ್ದೀನಿ. ಉಪ್ಪುಮೀನು ಇದೆ. ಊಟ ಮಾಡ್ಕೊಂಡ್ ಹೋಗು ಕ್ಲೋ" ಎಂದ.

ಅವನು ಅವಳನ್ನು ಎಂದೂ ಊಟಕ್ಕೆ ಕರೆದಿರಲಿಲ್ಲ. ಅವಳು ಕುರ್ಚಿ ಎಳೆದುಕೊಂಡಳು. ಗೆಡ್ಡೆ ಸರಿಯಾಗಿ ಬೆಂದಿರಲಿಲ್ಲ, ನಡುವೆ ಗಟ್ಟಿಯಿತ್ತು. ಕ್ಲೋಟಿಲ್ಡ್ ಗಟ್ಟಿ ಭಾಗವನ್ನೂ ಬಿಡದೆ ಉಂಡಳು. ಅವನೂ ಉಂಡ. ಹೊರಗೆ ಮಳೆ ನಿಲ್ಲುವ ಹಾಗೆ ಕಾಣಲಿಲ್ಲ.